ರಾಣಿ ರಾಂಪಾಲ್ ಅವರ ಹಾಕಿ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಕಿ ಮೈದಾನದ ಅಂಚಿನಲ್ಲಿ ನಿಂತು ಮಕ್ಕಳ ಆಟ ನೋಡುವ ತಂದೆ ತಾಯಂದಿರು, ಮೊದಲ ಬಾರಿ ಸ್ಟಿಕ್ ಹಿಡಿದ ಹುಡುಗಿಯರು, ಟೋಕಿಯೊ ಒಲಿಂಪಿಕ್ಸ್ ನಂತರವಷ್ಟೇ ಮಹಿಳಾ ಹಾಕಿಯತ್ತ ತಿರುಗಿದವರು ರಾಣಿ ರಾಂಪಾಲ್ ಬಗ್ಗೆ ಕೇಳುವ ಪ್ರಶ್ನೆಗಳು ಇವು. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು. ಭುವನೇಶ್ವರದ ಪಂದ್ಯದ ಬಗ್ಗೆ ಮಾತ್ರ ಚುಟುಕಾಗಿ ಹೇಳಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ.

ರಾಣಿ ರಾಂಪಾಲ್ ಯಾರು?

ಭಾರತ ಮಹಿಳಾ ಹಾಕಿ ತಂಡದ ಮಾಜಿ ನಾಯಕಿ. ಹುಟ್ಟಿದ್ದು 1994ರ ಡಿಸೆಂಬರ್ 4ರಂದು, ಹರಿಯಾಣದ ಕುರುಕ್ಷೇತ್ರ ಜಿಲ್ಲೆಯ ಶಹಾಬಾದ್ ಮಾರ್ಕಂಡದಲ್ಲಿ. 2008ರಿಂದ 2023ರವರೆಗೆ ದೇಶದ ಪರ ಆಡಿದರು. 2024ರ ಅಕ್ಟೋಬರ್ 24ರಂದು ನಿವೃತ್ತಿ ಘೋಷಿಸಿದರು.

ಹಾಲಿಗೆ ನೀರು ಬೆರೆಸಿ ಕುಡಿಯುತ್ತಿದ್ದರು ಎಂಬ ಮಾತು ನಿಜವೇ?

ಅದನ್ನು ಅವರೇ ಹೇಳಿಕೊಂಡಿದ್ದಾರೆ. ತಂದೆ ಗಾಡಿ ಎಳೆದು ಮನೆ ನಡೆಸುತ್ತಿದ್ದರು, ತಾಯಿ ಬೇರೆಯವರ ಮನೆಗಳಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ತಂದೆಯ ದುಡಿಮೆ ದಿನಕ್ಕೆ 80 ರೂಪಾಯಿ. ಊರಿನ ಹಾಕಿ ಅಕಾಡೆಮಿಗೆ ಬರುವ ಪ್ರತಿ ಹುಡುಗಿಯೂ ಅರ್ಧ ಲೀಟರ್ ಹಾಲು ತಂದು ಕುಡಿಯಬೇಕೆಂಬ ನಿಯಮವಿತ್ತು. ಈ ಮನೆಯಲ್ಲಿ ಕೊಳ್ಳಲು ಆಗುತ್ತಿದ್ದುದು 200 ಮಿಲಿಲೀಟರ್. ಉಳಿದುದಕ್ಕೆ ನೀರು ತುಂಬಿಸಿ, ಯಾರಿಗೂ ಹೇಳದೆ ರಾಣಿ ಕುಡಿಯುತ್ತಿದ್ದರು. ಹಾಲು ಕಡಿಮೆ ಎಂದು ಯಾರಾದರೂ ಮನೆಗೆ ಕಳಿಸಿಬಿಟ್ಟರೆ ಆಟವೇ ನಿಂತುಹೋಗುತ್ತದೆ ಎಂಬ ಭಯ ಆ ಪುಟ್ಟ ಹುಡುಗಿಗೆ.

ಮನೆಯಲ್ಲಿ ಗಡಿಯಾರವಿರಲಿಲ್ಲ. ಬೆಳಗಿನ ಅಭ್ಯಾಸಕ್ಕೆ ಸರಿಯಾದ ಹೊತ್ತಿಗೆ ಎಬ್ಬಿಸಬೇಕೆಂದು ತಾಯಿ ಎಚ್ಚರವಿದ್ದು, ಆಕಾಶದ ನಕ್ಷತ್ರಗಳನ್ನು ನೋಡಿ ಹೊತ್ತು ಅಂದಾಜು ಮಾಡುತ್ತಿದ್ದರು. ರಾಣಿ ಹೊಡೆದ ಗೋಲುಗಳ ಲೆಕ್ಕ ಎಲ್ಲ ಕಡೆಯೂ ಸಿಗುತ್ತದೆ. ಆ ತಾಯಿ ನಿದ್ದೆಗೆಟ್ಟ ರಾತ್ರಿಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಕೈಗೆ ಸಿಕ್ಕ ಮೊದಲ ಸ್ಟಿಕ್ಕೇ ಮುರಿದದ್ದು. ಓಡಲು ಬೇರೆ ಬಟ್ಟೆಯಿಲ್ಲದೆ ಸಲ್ವಾರ್ ಕಮೀಜ್ ತೊಟ್ಟೇ ಅಭ್ಯಾಸಕ್ಕೆ ನಿಂತರು. ಹುಡುಗಿ ಲಂಗ ತೊಟ್ಟು ಮೈದಾನದಲ್ಲಿ ಓಡುವುದು ಮನೆಯವರಿಗೆ ಮೊದಲು ಒಪ್ಪಿಗೆಯಾಗಿರಲಿಲ್ಲ. ಒಂದು ಅವಕಾಶ ಕೊಡಿ, ಸೋತರೆ ನೀವು ಹೇಳಿದಂತೆ ಕೇಳುತ್ತೇನೆ ಎಂದು ಬೇಡಿಕೊಂಡು ಒಪ್ಪಿಸಿದರು.

ಅವರನ್ನು ಬೆಳೆಸಿದ ಗುರು ಯಾರು?

ದ್ರೋಣಾಚಾರ್ಯ ಪ್ರಶಸ್ತಿ ಪಡೆದ ಬಲ್ದೇವ್ ಸಿಂಗ್. ಶಹಾಬಾದ್‌ನಂಥ ಸಣ್ಣ ಊರಿನಿಂದ ಭಾರತ ತಂಡಕ್ಕೆ ಸಾಲುಸಾಲಾಗಿ ಆಟಗಾರ್ತಿಯರು ಬಂದಿದ್ದರೆ ಅದರ ಹಿಂದೆ ಇವರ ದುಡಿಮೆಯಿದೆ. ನವಜೋತ್ ಕೌರ್, ನವನೀತ್ ಕೌರ್ ಕೂಡ ಅದೇ ಊರಿನ ಅಂಗಳದಲ್ಲಿ ಪಳಗಿದವರು. ಬಲ್ದೇವ್ ಸಿಂಗ್ ಶಿಸ್ತಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು ಎಂದು ಹೆಸರಾದವರು. ಆರಂಭದಲ್ಲಿ ರಾಣಿಯನ್ನು ಸೇರಿಸಿಕೊಳ್ಳಲು ಅವರೂ ಒಪ್ಪಿರಲಿಲ್ಲ. ಮೈಯಲ್ಲಿ ಕಸುವಿಲ್ಲ, ಅಭ್ಯಾಸದ ಭಾರ ತಾಳಲಾರಳು ಎಂಬುದು ಅವರ ಕಾರಣ. ಆಮೇಲೆ ಸ್ಟಿಕ್, ಶೂ ಕೊಡಿಸಿದವರು ಅವರೇ. ತಮ್ಮ ಮನೆಯಲ್ಲೇ ಇರಿಸಿಕೊಂಡು ಊಟ ಹಾಕಿದವರೂ ಅವರೇ.

ಭಾರತದ ಪರ ಮೊದಲು ಆಡಿದಾಗ ವಯಸ್ಸು 13 ಅಥವಾ 14?

14 ಎಂದು ಹಲವು ಕಡೆ ಬರೆಯುತ್ತಾರೆ. ಅವರು ಮೊದಲು ಆಡಿದ್ದು 2008ರ ಏಪ್ರಿಲ್‌ನಲ್ಲಿ, ರಷ್ಯಾದ ಕಜಾನ್‌ನಲ್ಲಿ ನಡೆದ ಒಲಿಂಪಿಕ್ ಅರ್ಹತಾ ಟೂರ್ನಿಯಲ್ಲಿ. ಹುಟ್ಟಿದ ದಿನದಿಂದ ಎಣಿಸಿದರೆ ಆಗ ಅವರಿಗೆ 14 ಇನ್ನೂ ತುಂಬಿರಲಿಲ್ಲ. ಭಾರತ ಹಿರಿಯರ ತಂಡಕ್ಕೆ ಅಷ್ಟು ಚಿಕ್ಕ ವಯಸ್ಸಿನಲ್ಲಿ ಬಂದ ಹುಡುಗಿ ಎಂದು ಆಗಲೇ ಸುದ್ದಿಯಾಯಿತು. ಮರುವರ್ಷ ಅದೇ ಕಜಾನ್‌ನಲ್ಲಿ ನಡೆದ ಚಾಂಪಿಯನ್ಸ್ ಚಾಲೆಂಜ್ ಟೂರ್ನಿಯ ಫೈನಲ್‌ನಲ್ಲಿ ನಾಲ್ಕು ಗೋಲು ಹೊಡೆದು ಭಾರತಕ್ಕೆ ಪ್ರಶಸ್ತಿ ತಂದರು.

ಜಗತ್ತು ಅವರನ್ನು ಗುರುತಿಸಿದ್ದು ಯಾವಾಗ?

2010ರ ವಿಶ್ವಕಪ್‌ನಲ್ಲಿ. ಅದು ನಡೆದದ್ದು ಅರ್ಜೆಂಟೀನಾದ ರೊಸಾರಿಯೊದಲ್ಲಿ. ಅದೇ ಊರಿನ ಮಗಳು, ಮಹಿಳಾ ಹಾಕಿಯ ಮಹಾ ಆಟಗಾರ್ತಿ ಲೂಸಿಯಾನಾ ಐಮರ್ ತನ್ನವರ ಮುಂದೆ ಕಪ್ ಎತ್ತಿದ ಟೂರ್ನಿ ಅದು. ಭಾರತ ಒಂಬತ್ತನೆಯ ಸ್ಥಾನದಲ್ಲಿ ಮುಗಿಸಿತು. ಆದರೆ 15 ವರ್ಷದ ರಾಣಿ ಏಳು ಗೋಲು ಹೊಡೆದು, ಟೂರ್ನಿಯ ಶ್ರೇಷ್ಠ ಯುವ ಆಟಗಾರ್ತಿ ಎನಿಸಿಕೊಂಡರು. ತಂಡ ಸೋಲುತ್ತಿರುವಾಗ ಗೋಲು ಹೊಡೆಯುವುದು ಬಹಳ ಕಷ್ಟ. ಚೆಂಡು ಮುಂದಕ್ಕೆ ಬರುವುದೇ ಅಪರೂಪ, ಬಂದ ಒಂದೆರಡು ಅವಕಾಶಗಳಲ್ಲೇ ಕೆಲಸ ಮುಗಿಸಬೇಕು. ಅದನ್ನು ಅವರು ಶಾಲೆಗೆ ಹೋಗುವ ವಯಸ್ಸಿನಲ್ಲೇ ಮಾಡಿ ತೋರಿಸಿದರು.

ಅವರು ಮೈದಾನದಲ್ಲಿ ಯಾವ ಜಾಗದಲ್ಲಿ ಆಡುತ್ತಿದ್ದರು? ಆಟದ ವಿಶೇಷವೇನು?

ಮುಂಚೂಣಿಯ ಫಾರ್ವರ್ಡ್ ಆಗಿ ಬಂದರು. ವರ್ಷ ಕಳೆದಂತೆ ಸ್ವಲ್ಪ ಹಿಂದೆ ಸರಿದು, ಮಿಡ್‌ಫೀಲ್ಡ್‌ನಿಂದ ಚೆಂಡು ಪಡೆದು ಮುಂದಿನವರಿಗೆ ದಾರಿ ಮಾಡಿಕೊಡುವ ಕೆಲಸವನ್ನೂ ಹೊತ್ತರು. ಹಾಕಿ ಗೊತ್ತಿಲ್ಲದವರಿಗೆ ಒಂದು ಮಾತು: ಎದುರಾಳಿಯ ಗೋಲಿನ ಮುಂದಿನ ‘ಡಿ’ ಆಕಾರದ ಗೆರೆಯೊಳಗಿಂದ ಹೊಡೆದರಷ್ಟೇ ಗೋಲು ಸಲ್ಲುತ್ತದೆ. ಹಾಗಾಗಿ ಡಿ ಒಳಗೆ ಚೆಂಡು ಹಿಡಿದು ಒಂದು ಕ್ಷಣ ನಿಲ್ಲಬಲ್ಲವರಿಗೆ ಎಲ್ಲಿಲ್ಲದ ಬೆಲೆ. ಡಿಫೆಂಡರ್‌ಗಳು ಮೈಮೇಲೆ ಬಿದ್ದಂತೆ ಬರುತ್ತಾರೆ, ಗೋಲ್‌ಕೀಪರ್ ಮುಂದೆ ನುಗ್ಗುತ್ತಾರೆ. ಅಂಥ ಹೊತ್ತಿನಲ್ಲಿ ರಾಣಿ ಗಾಬರಿಯಾಗುತ್ತಿರಲಿಲ್ಲ. ಚೆಂಡನ್ನು ಮೈಯ ಎಡಗಡೆಗೆ ಎಳೆದುಕೊಂಡು, ಸ್ಟಿಕ್ ತಿರುಗಿಸಿ ಹೊಡೆಯುವ ರಿವರ್ಸ್ ಹಿಟ್ ಅವರ ಕೈಯಲ್ಲಿ ಚಾಕುವಿನಷ್ಟು ಚುರುಕು.

ಅವರ ಕಾಲದಲ್ಲೇ ಆಟದ ಅವಧಿಯೂ ಬದಲಾಯಿತು. ತಲಾ 35 ನಿಮಿಷದ ಎರಡು ಭಾಗಗಳ ಬದಲು ತಲಾ 15 ನಿಮಿಷದ ನಾಲ್ಕು ಕ್ವಾರ್ಟರ್‌ಗಳು ಬಂದವು. ಆಟದ ವೇಗ ಏರಿತು. ವೇಗಕ್ಕೆ ಬೇಕಾದ ಮೈಕಟ್ಟನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಹಳೆಯ ಆಟದಲ್ಲಿ ಪಳಗಿದ ಹಲವರಿಗೆ ಅದು ಆಗಲಿಲ್ಲ, ರಾಣಿಗೆ ಆಯಿತು.

ಕಿರಿಯರ ವಿಶ್ವಕಪ್ ಪದಕದ ವಿಷಯವೇನು?

2013ರಲ್ಲಿ ಜರ್ಮನಿಯ ಮ್ಯೂನ್ಶೆನ್‌ಗ್ಲಾಡ್‌ಬಾಕ್‌ನಲ್ಲಿ ನಡೆದ ಜೂನಿಯರ್ ವಿಶ್ವಕಪ್‌ನಲ್ಲಿ ಭಾರತ, ಇಂಗ್ಲೆಂಡನ್ನು ಸಮಬಲದ ನಂತರದ ಶೂಟೌಟ್‌ನಲ್ಲಿ ಮಣಿಸಿ ಕಂಚು ಗೆದ್ದಿತು. ಆ ಕೂಟದಲ್ಲಿ ಭಾರತದ ಹುಡುಗಿಯರಿಗೆ ಅದು ಮೊದಲ ಪದಕ. ಟೂರ್ನಿಯ ಶ್ರೇಷ್ಠ ಆಟಗಾರ್ತಿ ರಾಣಿ.

36 ವರ್ಷಗಳ ನಂತರ ಒಲಿಂಪಿಕ್ಸ್ ಎನ್ನುತ್ತಾರಲ್ಲ, ಅದು ಏನು?

ಮಹಿಳಾ ಹಾಕಿ ಒಲಿಂಪಿಕ್ಸ್‌ಗೆ ಬಂದದ್ದೇ 1980ರಲ್ಲಿ, ಮಾಸ್ಕೋದಲ್ಲಿ. ಹಲವು ದೇಶಗಳು ಆ ಕ್ರೀಡಾಕೂಟವನ್ನು ಬಹಿಷ್ಕರಿಸಿದ್ದರಿಂದ ಆಡಿದ್ದು ಆರೇ ತಂಡಗಳು. ಭಾರತ ನಾಲ್ಕನೆಯದಾಯಿತು. ಆಮೇಲೆ ಒಂದಾದ ಮೇಲೊಂದು ಒಲಿಂಪಿಕ್ಸ್ ಕಳೆದರೂ ಭಾರತದ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ಗಾಗಿ ದೆಹಲಿಯಲ್ಲಿ ನಡೆದ ಅರ್ಹತಾ ಟೂರ್ನಿಯ ಫೈನಲ್‌ವರೆಗೆ ಹೋಗಿ, ದಕ್ಷಿಣ ಆಫ್ರಿಕಾ ಎದುರು ಸೋತು ಹಿಂದಿರುಗಬೇಕಾಯಿತು.

2015ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ನಡೆದ, 2016ರ ರಿಯೊ ಒಲಿಂಪಿಕ್ಸ್‌ನ ಅರ್ಹತಾ ಟೂರ್ನಿಯಲ್ಲಿ ಐದನೆಯ ಸ್ಥಾನಕ್ಕಾಗಿ ಜಪಾನ್ ಜೊತೆ ಪಂದ್ಯ. ಭಾರತ 1–0ರಿಂದ ಗೆದ್ದಿತು. ಆ ಒಂದೇ ಗೋಲು ರಾಣಿಯದು. ಅಷ್ಟಕ್ಕೇ ಟಿಕೆಟ್ ಕೈಗೆ ಬರಲಿಲ್ಲ. ಯುರೋಪಿನ ಚಾಂಪಿಯನ್‌ಷಿಪ್ ಮುಗಿಯುವ ತನಕ ಕಾಯಬೇಕಿತ್ತು. ಅಲ್ಲಿ ಆಗಲೇ ಅರ್ಹತೆ ಪಡೆದಿದ್ದ ಇಂಗ್ಲೆಂಡ್ ಮತ್ತು ನೆದರ್ಲೆಂಡ್ಸ್ ಫೈನಲ್ ತಲುಪಿದ್ದರಿಂದ ಒಂದು ಸ್ಥಾನ ತೆರವಾಗಿ ಭಾರತಕ್ಕೆ ಸಿಕ್ಕಿತು. ಐದನೆಯ ಸ್ಥಾನದ ಪಂದ್ಯವೆಂದರೆ ಯಾರೂ ನೋಡದ ಪಂದ್ಯ. ಅಂಥ ಪಂದ್ಯದ ಒಂದು ಗೋಲು 36 ವರ್ಷದ ಕಾಯುವಿಕೆಯನ್ನು ಮುಗಿಸಿತು.

ರಿಯೊದಲ್ಲಿ ಮಾತ್ರ ಭಾರತ 12 ತಂಡಗಳಲ್ಲಿ ಕೊನೆಯದು. ಜಪಾನ್ ಎದುರಿನ 2–2ರ ಡ್ರಾ ಬಿಟ್ಟರೆ ಎಲ್ಲವೂ ಸೋಲು.

ನಾಯಕಿಯಾಗಿ ಅವರು ಏನು ಸಾಧಿಸಿದರು?

2017ರಲ್ಲಿ ಜಪಾನ್‌ನ ಕಕಮಿಗಹರದಲ್ಲಿ ಏಷ್ಯಾ ಕಪ್ ಗೆದ್ದುದು ಮೊದಲ ದೊಡ್ಡ ಗೆಲುವು. ಚೀನಾ ಎದುರಿನ ಫೈನಲ್ 1–1ರಲ್ಲಿ ನಿಂತು ಶೂಟೌಟ್‌ಗೆ ಹೋಯಿತು. ಕಡೆಗೆ 5–4ರಿಂದ ಗೆಲ್ಲಿಸಿದ ಯತ್ನ ರಾಣಿಯದೇ.

2018ರ ಲಂಡನ್ ವಿಶ್ವಕಪ್‌ನಲ್ಲಿ ತಂಡ ಕ್ವಾರ್ಟರ್‌ಫೈನಲ್‌ ತಲುಪಿತು. ಐರ್ಲೆಂಡ್ ಜೊತೆ ಗೋಲಿಲ್ಲದೆ ಮುಗಿದ ಪಂದ್ಯ ಶೂಟೌಟ್‌ಗೆ ಹೋಯಿತು. ಹಾಕಿಯ ಶೂಟೌಟ್‌ನಲ್ಲಿ ಆಟಗಾರ್ತಿ 23 ಮೀಟರ್ ಗೆರೆಯಿಂದ ಚೆಂಡು ಒಯ್ದು ಎಂಟು ಸೆಕೆಂಡ್‌ಗಳಲ್ಲಿ ಗೋಲ್‌ಕೀಪರ್‌ಳನ್ನು ದಾಟಿಸಬೇಕು. ಕಕಮಿಗಹರದಲ್ಲಿ ಗೆಲ್ಲಿಸಿದ ರಾಣಿಯ ಯತ್ನ ಅಂದು ಗೋಲಾಗಲಿಲ್ಲ, ಭಾರತ ಹೊರಬಿತ್ತು. ಅದೇ ತಿಂಗಳು ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ ತಂಡ ಬೆಳ್ಳಿ ಗೆದ್ದಾಗ, ಸಮಾರೋಪದಲ್ಲಿ ದೇಶದ ಧ್ವಜ ಹಿಡಿದು ನಡೆದವರು ರಾಣಿ.

ಭುವನೇಶ್ವರದ ಆ ಗೋಲಿನ ಬಗ್ಗೆ ಎಲ್ಲರೂ ಏಕೆ ಮಾತನಾಡುತ್ತಾರೆ?

ಅವರ ಬದುಕಿನ ಒಂದೇ ಒಂದು ಗೋಲನ್ನು ಆರಿಸು ಎಂದರೆ ನಾನು ಹಿಂದೆಮುಂದೆ ನೋಡದೆ ಇದನ್ನೇ ಆರಿಸುತ್ತೇನೆ.

ಟೋಕಿಯೊ ಒಲಿಂಪಿಕ್ಸ್‌ಗೆ ಹೋಗಲು ಭಾರತ ಮತ್ತು ಅಮೆರಿಕ ಎರಡು ಪಂದ್ಯ ಆಡಬೇಕಿತ್ತು. ಎರಡರ ಗೋಲುಗಳನ್ನೂ ಕೂಡಿಸಿ ಯಾರು ಮುಂದೋ ಅವರಿಗೆ ಟಿಕೆಟ್. ಮೊದಲ ಪಂದ್ಯ 2019ರ ನವೆಂಬರ್ 1ರಂದು, ನಮ್ಮ ರಾಜ್ಯೋತ್ಸವದ ದಿನ, ಕಳಿಂಗ ಕ್ರೀಡಾಂಗಣದಲ್ಲಿ. ಭಾರತ 5–1ರಿಂದ ಗೆದ್ದಿತು. ನಾಲ್ಕು ಗೋಲಿನ ಮುನ್ನಡೆ. ಎರಡನೆಯ ಪಂದ್ಯ ಬರೀ ಶಾಸ್ತ್ರಕ್ಕೆ ಎಂದುಕೊಂಡು ಅಂದು ರಾತ್ರಿ ಎಷ್ಟೋ ಮಂದಿ ನೆಮ್ಮದಿಯಾಗಿ ಮಲಗಿದ್ದಿರಬೇಕು.

ಮರುದಿನ ಪಂದ್ಯ ಶುರುವಾಗಿ ಐದನೆಯ ನಿಮಿಷಕ್ಕೇ ಅಮೆರಿಕದ ಗೋಲು. ಮತ್ತೊಂದು, ಇನ್ನೊಂದು. ಅರ್ಧ ಹೊತ್ತಿನ ವಿರಾಮಕ್ಕೆ 0–4. ಒಟ್ಟು ಲೆಕ್ಕ 5–5. ಹಿಂದಿನ ದಿನ ಕಟ್ಟಿದ ಗೋಡೆ ಅರ್ಧ ಗಂಟೆಯಲ್ಲಿ ನೆಲಸಮ. ತವರಿನ ಜನರ ಮುಂದೆ ಹೀಗೆ ಕುಸಿದ ತಂಡ ಮತ್ತೆ ಏಳುವುದು ಸುಲಭವಲ್ಲ. ಕಾಲು ಭಾರವಾಗುತ್ತದೆ, ಪಾಸ್ ಕೊಡಲು ಕೈ ಹಿಂಜರಿಯುತ್ತದೆ, ಪ್ರತಿಯೊಬ್ಬರಿಗೂ ಚೆಂಡು ತಮ್ಮ ಬಳಿ ಬಾರದಿದ್ದರೆ ಸಾಕು ಎನಿಸುತ್ತದೆ.

ಮೂರನೆಯ ಕ್ವಾರ್ಟರ್‌ನಲ್ಲಿ ಯಾರಿಗೂ ಗೋಲಿಲ್ಲ. ನನ್ನ ಮಟ್ಟಿಗೆ ಆ 15 ನಿಮಿಷಗಳೂ ಗೋಲಿನಷ್ಟೇ ದೊಡ್ಡವು. ಸೋರುತ್ತಿದ್ದುದನ್ನು ನಿಲ್ಲಿಸಿ ತಂಡ ಉಸಿರು ಎಳೆದುಕೊಂಡ ಹೊತ್ತು ಅದು. ನಂತರ 48ನೆಯ ನಿಮಿಷದಲ್ಲಿ ಡಿ ಒಳಗೆ ಚೆಂಡು ನಾಯಕಿಗೆ ಸಿಕ್ಕಿತು, ಅವರು ತಡಮಾಡಲಿಲ್ಲ. 1–4. ಪಂದ್ಯ ಸೋತರೂ ಒಟ್ಟು ಲೆಕ್ಕದಲ್ಲಿ ಭಾರತ 6–5ರಿಂದ ಮುಂದೆ. ಉಳಿದ ನಿಮಿಷಗಳನ್ನು ತಂಡ ಹಲ್ಲು ಕಚ್ಚಿ ಕಾಪಾಡಿಕೊಂಡಿತು.

ಆ ಗೋಲು ಬಾರದಿದ್ದರೆ ಟೋಕಿಯೊ ಇಲ್ಲದಿರಬಹುದಿತ್ತು. ಆಸ್ಟ್ರೇಲಿಯಾವನ್ನು ಸೋಲಿಸಿದ ಬೆಳಿಗ್ಗೆ, ಊರೂರಿನ ಹುಡುಗಿಯರು ಟಿ.ವಿ. ಮುಂದೆ ಕುಳಿತು ಕುಣಿದ ಬೆಳಿಗ್ಗೆ, ಅದೂ ಇರುತ್ತಿರಲಿಲ್ಲ. 2024ರ ಆರಂಭದಲ್ಲಿ ರಾಂಚಿಯಲ್ಲಿ ಜಪಾನ್ ಎದುರು 0–1ರಿಂದ ಸೋತು ಭಾರತದ ಮಹಿಳೆಯರು ಪ್ಯಾರಿಸ್ ಒಲಿಂಪಿಕ್ಸ್ ತಪ್ಪಿಸಿಕೊಂಡರು. ಒಂದು ಗೋಲಿನ ತೂಕ ಎಷ್ಟೆಂದು ಆ ದಿನ ಮತ್ತೊಮ್ಮೆ ತಿಳಿಯಿತು.

ಕರ್ನಾಟಕಕ್ಕೂ ಅವರಿಗೂ ಸಂಬಂಧವಿದೆಯೇ?

ಇದೆ. ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರ ರಾಷ್ಟ್ರೀಯ ತಂಡದ ಶಿಬಿರದ ಮನೆ. ವರ್ಷದ ಬಹುಪಾಲು ದಿನಗಳನ್ನು ಆಟಗಾರ್ತಿಯರು ಕಳೆಯುವುದು ಅಲ್ಲೇ. 2020ರ ಲಾಕ್‌ಡೌನ್ ಬಂದಾಗಲೂ ರಾಣಿ ಮತ್ತು ಸಂಗಾತಿಗಳು ಊರಿಗೆ ಹೋಗಲಾಗದೆ ಆ ಆವರಣದಲ್ಲೇ ಉಳಿದರು. ಮೈದಾನಕ್ಕಿಳಿಯುವಂತಿರಲಿಲ್ಲ. ಕೋಣೆಯಲ್ಲಿ ಕುಳಿತೇ ಹುಡುಗಿಯರು ಸಾಮಾಜಿಕ ಜಾಲತಾಣಗಳಲ್ಲಿ ವ್ಯಾಯಾಮದ ಸವಾಲು ಹಾಕಿ, ಬಡವರಿಗೆ ಊಟ ಮತ್ತು ಅಗತ್ಯ ವಸ್ತು ಒದಗಿಸಲು 20 ಲಕ್ಷ ರೂಪಾಯಿಗೂ ಹೆಚ್ಚು ಹಣ ಕೂಡಿಸಿದರು. ಹಸಿವು ಏನೆಂದು ಪುಸ್ತಕದಿಂದ ಕಲಿಯಬೇಕಿಲ್ಲದವರು ಆ ತಂಡದಲ್ಲಿ ಹಲವರಿದ್ದರು. ಮರುವರ್ಷ, ಒಲಿಂಪಿಕ್ಸ್‌ಗೆ ಮೂರು ತಿಂಗಳೂ ಉಳಿಯದಿದ್ದಾಗ, ಅದೇ ಶಿಬಿರಕ್ಕೆ ಮರಳಿದ ರಾಣಿ ಸೇರಿ ಏಳು ಆಟಗಾರ್ತಿಯರಿಗೆ ಕೋವಿಡ್ ತಗುಲಿತು. ಪ್ರತ್ಯೇಕವಾಗಿದ್ದು, ಚೇತರಿಸಿಕೊಂಡು ಟೋಕಿಯೊ ವಿಮಾನ ಹತ್ತಿದರು.

ಬೆಂಗಳೂರಿಗೆ ಮಹಿಳಾ ಹಾಕಿ ಹೊಸದೇನಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಎಲ್ವೆರಾ, ರೀಟಾ, ಮೇ ಎಂಬ ಬ್ರಿಟ್ಟೊ ಸಹೋದರಿಯರು 1960ರ ದಶಕದಲ್ಲಿ ಮೈಸೂರು ರಾಜ್ಯದ ತಂಡವನ್ನು ದೇಶದಲ್ಲೇ ಎದುರಿಲ್ಲದ ತಂಡವಾಗಿಸಿದ್ದರು. ಎಲ್ವೆರಾ ಅವರಿಗೆ 1965ರಲ್ಲಿ ಅರ್ಜುನ ಪ್ರಶಸ್ತಿ ಬಂತು. ನಮ್ಮ ಮಕ್ಕಳಿಗೆ ರಾಣಿಯ ಹೆಸರಿನ ಜೊತೆಗೆ ಈ ಹೆಸರೂ ಗೊತ್ತಿರಬೇಕೆಂಬುದು ನನ್ನ ಆಸೆ.

ಟೋಕಿಯೊದಲ್ಲಿ ಪದಕ ಬಂತೇ?

ಇಲ್ಲ, ನಾಲ್ಕನೆಯ ಸ್ಥಾನ. ಮೊದಲ ಮೂರು ಪಂದ್ಯಗಳೂ ಸೋಲು. ನೆದರ್ಲೆಂಡ್ಸ್ ಎದುರು 1–5ರಲ್ಲಿ ಭಾರತದ ಏಕೈಕ ಗೋಲು ರಾಣಿಯದು. ನಂತರ ಐರ್ಲೆಂಡ್ ಎದುರು 1–0. ದಕ್ಷಿಣ ಆಫ್ರಿಕಾ ಎದುರು 4–3, ಅದರಲ್ಲಿ ವಂದನಾ ಕಟಾರಿಯಾ ಹ್ಯಾಟ್ರಿಕ್. ಆಗಸ್ಟ್ 2ರ ಸೋಮವಾರ ಬೆಳಿಗ್ಗೆ, ಗುಂಪಿನಲ್ಲಿ ಒಂದೂ ಪಂದ್ಯ ಸೋಲದ ಆಸ್ಟ್ರೇಲಿಯಾ ಜೊತೆ ಕ್ವಾರ್ಟರ್‌ಫೈನಲ್. ಗುರ್ಜಿತ್ ಕೌರ್ ಪೆನಾಲ್ಟಿ ಕಾರ್ನರ್‌ನಲ್ಲಿ ಹೊಡೆದ ಒಂದು ಗೋಲು, ಗೋಲಿನ ಮುಂದೆ ಗೋಡೆಯಂತೆ ನಿಂತ ಸವಿತಾ. 1–0. ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳೆಯರು ಸೆಮಿಫೈನಲ್ ತಲುಪಿದ್ದು ಅದೇ ಮೊದಲು.

ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ 2–1ರಿಂದ ಗೆದ್ದಿತು. ಕಂಚಿನ ಪಂದ್ಯದಲ್ಲಿ ಬ್ರಿಟನ್ ಎದುರು 0–2ರಿಂದ ಎದ್ದು 3–2ರ ಮುನ್ನಡೆ ಪಡೆದ ಭಾರತ, ಕಡೆಗೆ 3–4ರಿಂದ ಸೋತಿತು. ಮಾಸ್ಕೋದಲ್ಲೂ ನಾಲ್ಕು, ಟೋಕಿಯೊದಲ್ಲೂ ನಾಲ್ಕು. ಆದರೆ ಅಲ್ಲಿ ಆರು ತಂಡಗಳು, ಇಲ್ಲಿ 12 ತಂಡಗಳು, ಜಗತ್ತಿನ ಬಲಾಢ್ಯರೆಲ್ಲ ಇದ್ದರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ರಿಯೊದ ಕೊನೆಯ ಸ್ಥಾನದಿಂದ ಐದು ವರ್ಷಗಳಲ್ಲಿ ಇಲ್ಲಿಗೆ ಬಂದದ್ದನ್ನು ನಾನು ‘ಪದಕ ತಪ್ಪಿತು’ ಎಂಬ ಎರಡು ಪದಗಳಲ್ಲಿ ಹೇಳಲಾರೆ.

ಟೋಕಿಯೊ ನಂತರ ತಂಡದಲ್ಲಿ ಏಕೆ ಕಾಣಿಸಲಿಲ್ಲ?

ಗಾಯದಿಂದ ಬಹುಕಾಲ ಹೊರಗುಳಿದರು. ನಾಯಕತ್ವ ಸವಿತಾ ಅವರಿಗೆ ಹೋಯಿತು. 2022ರ ಜೂನ್‌ನಲ್ಲಿ ಬೆಲ್ಜಿಯಂ ಎದುರು ಪ್ರೊ ಲೀಗ್‌ನಲ್ಲಿ 250ನೆಯ ಪಂದ್ಯ ಆಡಿದರು. ಆದರೆ ಅದೇ ವರ್ಷದ ವಿಶ್ವಕಪ್ ಮತ್ತು ಕಾಮನ್‌ವೆಲ್ತ್ ಕ್ರೀಡಾಕೂಟದ ತಂಡಗಳಲ್ಲಿ ಅವರ ಹೆಸರಿರಲಿಲ್ಲ. ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಹರಿಯಾಣದ ಪರ ಆಡಿ, ಗೋಲುಗಳನ್ನು ಹೊಡೆದು, 2023ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಮರಳಿದರು. ಅದಾದ ಮೇಲೆ ಮತ್ತೆ ಕರೆ ಬರಲಿಲ್ಲ. 28ನೆಯ ವಯಸ್ಸಿಗೇ ಅಂತರರಾಷ್ಟ್ರೀಯ ಆಟ ಮುಗಿದುಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ. 13ನೆಯ ವಯಸ್ಸಿನಿಂದ ದೊಡ್ಡವರ ಜೊತೆ ಆಡಿದ ಮೈ ಅದು, ದಣಿದಿತ್ತು ಎಂದು ಕೆಲವರು ಹೇಳುತ್ತಾರೆ. ಇರಬಹುದು. ಅಷ್ಟು ದುಡಿದವರನ್ನು ಆಡುತ್ತಿರುವಾಗಲೇ, ಮೈದಾನದಲ್ಲೇ ಬೀಳ್ಕೊಡಬೇಕಿತ್ತು ಎಂಬ ನನ್ನ ಮಾತೂ ತಪ್ಪಲ್ಲ.

ಒಟ್ಟು ಎಷ್ಟು ಪಂದ್ಯ, ಎಷ್ಟು ಗೋಲು?

ನಿವೃತ್ತಿಯ ಹೊತ್ತಿಗೆ ಪ್ರಕಟವಾದ ಲೆಕ್ಕದಂತೆ 254 ಪಂದ್ಯ, 205 ಗೋಲು.

ಯಾವ ಪ್ರಶಸ್ತಿಗಳು ಬಂದಿವೆ?

2016ರಲ್ಲಿ ಅರ್ಜುನ. 2020ರಲ್ಲಿ ಪದ್ಮಶ್ರೀ ಮತ್ತು ಖೇಲ್ ರತ್ನ. ಅದೇ ವರ್ಷದ ಆರಂಭದಲ್ಲಿ, 2019ರ ಸಾಲಿನ ‘ವರ್ಲ್ಡ್ ಗೇಮ್ಸ್ ವರ್ಷದ ಕ್ರೀಡಾಪಟು’ ಗೌರವ. ಜನರ ಮತಗಳಿಂದ ನಿರ್ಧಾರವಾಗುವ ಈ ಗೌರವ ಪಡೆದ ಮೊದಲ ಹಾಕಿ ಆಟಗಾರ್ತಿ ಅವರೇ. 1,99,477 ಮತಗಳು ಬಿದ್ದಿದ್ದವು. 2023ರಲ್ಲಿ ಉತ್ತರ ಪ್ರದೇಶದ ರಾಯಬರೇಲಿಯ ಹಾಕಿ ಮೈದಾನಕ್ಕೆ ಅವರ ಹೆಸರಿಟ್ಟರು.

28ನೆಯ ಸಂಖ್ಯೆಯ ಅಂಗಿಯನ್ನು ಇನ್ನು ಯಾರೂ ತೊಡುವುದಿಲ್ಲವೇ?

ಹೌದು. ನಿವೃತ್ತಿಯ ದಿನ ದೆಹಲಿಯ ಧ್ಯಾನ್‌ಚಂದ್ ಕ್ರೀಡಾಂಗಣದಲ್ಲಿ, ಭಾರತ ಮತ್ತು ಜರ್ಮನಿ ಪುರುಷರ ಪಂದ್ಯದ ನಂತರ ನಡೆದ ಸನ್ಮಾನದಲ್ಲಿ ಹಾಕಿ ಇಂಡಿಯಾ ಆ ಸಂಖ್ಯೆಯನ್ನು ಅವರ ಗೌರವಾರ್ಥ ಕಾಯ್ದಿರಿಸುವುದಾಗಿ ಪ್ರಕಟಿಸಿತು.

ನಿವೃತ್ತಿಯ ನಂತರ ಏನು ಮಾಡಿದರು?

ತರಬೇತಿಯತ್ತ ಹೊರಳಿದರು. 17 ವರ್ಷದೊಳಗಿನ ಬಾಲಕಿಯರ ರಾಷ್ಟ್ರೀಯ ತಂಡದ ಹೊಣೆಯನ್ನು 2023ರಲ್ಲೇ ವಹಿಸಿಕೊಂಡಿದ್ದರು. ಹಾಕಿ ಇಂಡಿಯಾ ಲೀಗ್‌ನ ಮೊದಲ ಮಹಿಳಾ ಆವೃತ್ತಿಯಲ್ಲಿ ಸೂರ್ಮಾ ಕ್ಲಬ್‌ನ ಮಾರ್ಗದರ್ಶಕಿಯಾಗಿದ್ದರು. ಆ ತಂಡ 2025ರ ಜನವರಿಯಲ್ಲಿ ರಾಂಚಿಯಲ್ಲಿ ಫೈನಲ್ ತಲುಪಿ, ಒಡಿಶಾ ವಾರಿಯರ್ಸ್ ಎದುರು 1–2ರಿಂದ ಸೋತಿತು.

ಮಗಳು ಹಾಕಿ ಕಲಿಯುತ್ತಿದ್ದಾಳೆ. ರಾಣಿಯ ಯಾವ ಪಂದ್ಯ ತೋರಿಸಲಿ?

ಗೆದ್ದ ಪಂದ್ಯಗಳಿಗಿಂತ ಮೊದಲು ಭುವನೇಶ್ವರದ ಎರಡನೆಯ ಪಂದ್ಯವನ್ನು, ಅದೂ ವಿರಾಮದ ನಂತರದ ಭಾಗವನ್ನು ತೋರಿಸಿ. ಗೋಲು ಬರುವುದು ನಾಲ್ಕನೆಯ ಕ್ವಾರ್ಟರ್‌ನಲ್ಲಿ. ಅಲ್ಲಿಗೇ ಹಾರಬೇಡಿ, ಮೂರನೆಯ ಕ್ವಾರ್ಟರ್‌ನಿಂದಲೇ ಹಾಕಿ. ಚೆಂಡು ಇಲ್ಲದಾಗ 28ನೆಯ ಸಂಖ್ಯೆಯ ಆಟಗಾರ್ತಿ ಎಲ್ಲಿ ನಿಲ್ಲುತ್ತಾರೆ, ಹಿಂದಕ್ಕೆ ಎಷ್ಟು ದೂರ ಓಡಿಬರುತ್ತಾರೆ, ಯಾರನ್ನು ಕೂಗಿ ಕರೆಯುತ್ತಾರೆ ಎಂದು ಅವಳು ನೋಡಲಿ.